ಆಟಿ ಹತ್ತೊಂಬತ್ತು

ಒಂದು ಮಾತು ಆಡಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ‘ಇದು ಮದ್ದು ಸೊಪ್ಪಿನ ಬಣ್ಣ ಸರ್, ನಿನ್ನೆ ಮನೆಯಲ್ಲಿ ಪಾಯಸ’ ಅಂದಿದ್ದರೆ ಸಾಕಿತ್ತು, ಇಬ್ಬರೂ ನಕ್ಕು ಒಳಗೆ ಹೋಗಬಹುದಿತ್ತು. ಕಾಂಪೌಂಡರ್ ಬೊಳ್ಳಪ್ಪ ಆ ಮಾತು ಆಡಲಿಲ್ಲ. ಯಾಕೆ ಆಡಲಿಲ್ಲ ಎಂದು ಈಗ, ಸ್ಪಿರಿಟ್ ದೀಪದ ನೀಲಿ ಉರಿಯ ಮೇಲೆ ತನ್ನದೇ ಉಚ್ಚೆ ತುಂಬಿದ ಗಾಜಿನ ನಳಿಗೆಯನ್ನು ಓರೆಯಾಗಿ ಹಿಡಿದು ನಿಂತಾಗ, ಯಾರಾದರೂ ಕೇಳಿದ್ದರೂ ಅವನಿಗೆ ಹೇಳಲು ಬರುತ್ತಿರಲಿಲ್ಲ. ಬೆಳಿಗ್ಗೆ ಆಸ್ಪತ್ರೆಯ ಹಿಂದೆ, ಸುಣ್ಣ ಬಳಿದ ಮೋಟುಗೋಡೆಯ ಮುಂದೆ ನಿಂತಿದ್ದ. ಛತ್ರಿ ಹಿಡಿದುಕೊಂಡೇ ಬಂದು ಪಕ್ಕದಲ್ಲಿ ನಿಂತವರು ಡಾಕ್ಟರ್ ಮರುಳಸಿದ್ದಪ್ಪ. ಗೋಡೆಯ ಬಿಳುಪಿನ ಮೇಲೆ ಇಳಿದ ಕೆಂಪನ್ನು ಅವರು ನೋಡಿದರು. ‘ಏನ್ರೀ ಇದು ಬೊಳ್ಳಪ್ಪ! ರಕ್ತ ಹೋಗಾಕತ್ತೈತಲ್ರಿ!’ ಆಟಿ ತಿಂಗಳ ಹದಿನೆಂಟರಂದು, ಕೊಡವರು ಕಕ್ಕಡ ಎನ್ನುವುದೂ ಇದೇ ತಿಂಗಳನ್ನು, ಈ ಸೀಮೆಯಲ್ಲಿ ಒಂದು ಮನೆಯೂ ತಪ್ಪದ ಹಾಗೆ ಬೇಲಿಬದಿಯ ಮದ್ದು ಸೊಪ್ಪು ಕುಯ್ದು ತಂದು ಕುದಿಸುತ್ತಾರೆ, ಆ ನೇರಳೆ ನೀರಿನಲ್ಲಿ ಅಕ್ಕಿ ಬೆಲ್ಲ ಬೇಯಿಸಿ ಪಾಯಸ ಮಾಡುತ್ತಾರೆ. ಹದಿನೆಂಟು ಬಗೆಯ ಔಷಧಿ ಆ ಒಂದು ದಿನ ಆ ಒಂದು ಎಲೆಯಲ್ಲಿ ಬಂದು ಕೂರುತ್ತದಂತೆ. ಹತ್ತೊಂಬತ್ತರ ಬೆಳಿಗ್ಗೆ ಊರಿಗೆ ಊರೇ ಕೆಂಪಗೆ ಉಚ್ಚೆ ಹೊಯ್ಯುತ್ತದೆ. ಯಾರದು ಹೆಚ್ಚು ಕೆಂಪು ಎಂದು ಮಕ್ಕಳು ಪಂಥ ಕಟ್ಟುತ್ತಾರೆ. ಇದು ಗೊತ್ತಿಲ್ಲದ ಮನುಷ್ಯ ಈ ಸುತ್ತಿನಲ್ಲಿ ಇದ್ದರೆ ಅದು ಕೂಡ್ಲಿಗಿ ಕಡೆಯಿಂದ ಹೋದ ದೀಪಾವಳಿಗೆ ವರ್ಗವಾಗಿ ಬಂದ, ಇನ್ನೂ ಒಂದು ಆಟಿಯನ್ನೂ ಇಲ್ಲಿ ಕಾಣದ ಈ ಡಾಕ್ಟರೊಬ್ಬರೇ. ಬೊಳ್ಳಪ್ಪ ಬಾಯಿ ತೆರೆದಿದ್ದ ಕೂಡ. ಅಷ್ಟರಲ್ಲಿ ಅವರೇ ಅಂದರು: ‘ಸೈಕಲ್ ಸೀಟಿನ ಏಟು. ಇಪ್ಪತ್ತು ದಿನ ಆತು, ಈ ಕಲ್ಲು ರಸ್ತೇದಾಗ ದಿನಾ ಹದಿನೆಂಟು ಮೈಲಿ. ನಂದು ತಪ್ಪು, ನಾ ನಿಮ್ಮನ್ನ ಎಳಕೊಂಡೆ. ಎಂದಿನಿಂದ ಹಿಂಗ?’ ತೆರೆದ ಬಾಯಿ ಬೇರೆ ಮಾತು ಆಡಿತು: ‘ಎರಡು ದಿನ ಆಯ್ತು ಸರ್.’

ನಳಿಗೆಯ ಮೇಲುಭಾಗ ಸಣ್ಣಗೆ ಗುಳ್ಳೆಯೆದ್ದು ಕುದಿಯಿತು. ನಿಜವಾಗಿ ರಕ್ತವಾಗಿದ್ದರೆ, ಕುದಿದ ಕಡೆ ಮೋಡ ಕಟ್ಟಿದ ಹಾಗೆ ಮಸುಕಾಗಬೇಕು. ಹನ್ನೊಂದು ವರ್ಷದಿಂದ ಅವನು ಮಾಡುತ್ತ ಬಂದ ಪರೀಕ್ಷೆ ಇದು. ಬಸುರಿ ಹೆಂಗಸರದು, ಊದಿದ ಕಾಲಿನ ಮುದುಕರದು, ಎಸ್ಟೇಟಿನ ರೈಟರುಗಳದು, ಎಷ್ಟು ನೂರೋ. ಡಾಕ್ಟರು ಹೊರಗೆ ರೋಗಿಗಳನ್ನು ನೋಡುತ್ತಿದ್ದರು. ‘ನೀವೇ ಕಾಯಿಸಿ ನೋಡ್ರಿ, ನಿಮ್ಮ ಕಣ್ಣಿನ ಮ್ಯಾಲೆ ನನಗ ನಂಬಿಕೆ ಐತಿ’ ಎಂದು ಹೇಳಿ ಹೋಗಿದ್ದರು. ಅವನು ಒಂದು ತೊಟ್ಟು ಆಸಿಡ್ ಬಿಟ್ಟು ಕಿಟಕಿಯ ಬೆಳಕಿಗೆ ಹಿಡಿದ. ಕೆಂಪು, ತಿಳಿಯಾದ ಕೆಂಪು. ನಳಿಗೆಯ ಆಚೆ ಕಿಟಕಿಯ ಸರಳು, ಸರಳಿನಾಚೆ ಮಳೆಗೆ ಬಾಗಿದ ಬಾಳೆ, ಎಲ್ಲ ಒಂದು ಚೂರೂ ಕಲಕದೆ ಕಂಡಿತು. ‘ಏನು ಬಂತು?’ ಎಂದು ಆಚೆಯಿಂದ ಕೇಳಿದರು. ‘ಸ್ವಲ್ಪ ಮಸುಕಾಯ್ತು ಸರ್’ ಎಂದ. ದನಿ ಸರಿಯಾಗಿಯೇ ಬಂತು, ಅದು ಅವನಿಗೆ ಆಶ್ಚರ್ಯ. ‘ರಿಜಿಸ್ಟರಿನಾಗ ಬರೀರಿ. ಹದಿನೈದಕ್ಕೆ ನೀವು ಬರೋದು ಬ್ಯಾಡ, ಮಲಕ್ಕೊಳ್ರಿ.’ ಅವನು ಬರೆದ. ಹೆಸರು: ಬೊಳ್ಳಪ್ಪ. ವಯಸ್ಸು: ನಲವತ್ತೊಂದು. ಬಣ್ಣ: ಕೆಂಪು. ಕಾಯಿಸಿದಾಗ: ಮಸುಕು. ಹನ್ನೊಂದು ವರ್ಷದಲ್ಲಿ ಆ ರಿಜಿಸ್ಟರಿನಲ್ಲಿ ಅವನು ಬರೆದ ಮೊದಲ ಸುಳ್ಳು ಅವನ ಹೆಸರಿನ ಮುಂದೆಯೇ ಕೂತಿತು. ಎದೆಯಲ್ಲಿ ಮಾತ್ರ ಏನೋ ಹಗುರವಾಯಿತು. ಆ ಹಗುರವೇ ಅವನಿಗೆ ಹೇಸಿಗೆ ತರಿಸಿತು, ಆದರೂ ಹಗುರವಾದದ್ದು ಸುಳ್ಳಲ್ಲ.

ಹಗುರ ಯಾಕೆಂದರೆ ಅವನಿಗೆ ಆ ಸೈಕಲ್ಲು ಆಗುತ್ತಿರಲಿಲ್ಲ. ಆಗಸ್ಟ್ ಹದಿನೈದರ ಬೆಳಿಗ್ಗೆ ಆಸ್ಪತ್ರೆಯ ಮುಂದೆ ಬಾವುಟ ಹಾರಿಸಿ ಹೊರಟು, ನಾಲ್ಕು ದಿನದಲ್ಲಿ ಸೈಕಲ್ಲಿನಲ್ಲೇ ಬೆಂಗಳೂರು ಮುಟ್ಟಬೇಕು, ದಾರಿಯ ಊರೂರಲ್ಲಿ ಇಳಿದು, ಇಲ್ಲಿ ಒಂದು ಹೆರಿಗೆ ಕೋಣೆ ಕಟ್ಟಿಸಲಿಕ್ಕೆ ಜನರ ಮುಂದೆ ಡಬ್ಬಿ ಹಿಡಿಯಬೇಕು ಎಂಬುದು ಡಾಕ್ಟರ ಯೋಚನೆ. ಶಾಲೆಯಲ್ಲಿ ಸಭೆ ಕರೆದು ‘ನನ್ನ ಜೊತೀಗೆ ಯಾರು ಬರ್ತೀರಿ?’ ಎಂದು ಕೇಳಿದ್ದರು. ಕೈ ಎತ್ತಿದ್ದು ಐದು ಜನ. ಮಳೆ ಹಿಡಿದ ಮೇಲೆ ಒಬ್ಬನಿಗೆ ಸೊಂಟ, ಒಬ್ಬನಿಗೆ ನಾಟಿ, ಒಬ್ಬನಿಗೆ ಅತ್ತೆಯ ತಿಥಿ. ಉಳಿದವರು ಇಬ್ಬರು. ದಿನವೂ ಕಕ್ಕಬೆಗೆ ಒಂಬತ್ತು ಮೈಲಿ ಹೋಗಿ ತಿರುಗಿ ಬರುವ ಅಭ್ಯಾಸ. ಬೆಳಗಿನ ಹೊತ್ತು ಡಾಕ್ಟರದು, ಸಂಜೆಯದು ಬೊಳ್ಳಪ್ಪನದು, ಆಸ್ಪತ್ರೆ ಬರಿದಾಗಬಾರದಲ್ಲ. ಐವತ್ತು ದಾಟಿದ, ಉಬ್ಬಸದ, ಬಿಸಿಲ ಸೀಮೆಯ ಆ ಮನುಷ್ಯ ಬೆಳಿಗ್ಗೆ ನೆನೆದ ಕೋಳಿಯ ಹಾಗೆ ಬಂದು ‘ಆತು ನೋಡ್ರಿ’ ಎನ್ನುವರು. ಬೊಳ್ಳಪ್ಪನಿಗೆ ಎರಡನೆಯ ಏರಿನಲ್ಲೇ ತೊಡೆ ನಡುಗುವುದು. ಇಳಿದು ತಳ್ಳುವನು. ತಳ್ಳುವುದು ಮೈಗೆ ಕಷ್ಟವಲ್ಲ, ನೋಡುವ ಕಣ್ಣುಗಳು ಕಷ್ಟ. ಕೆಳಗೆ ಗದ್ದೆಯಲ್ಲಿ ನಾಟಿ ಹೆಂಗಸರು ಮಳೆಗೆ ಹೊದ್ದ ಗೊರಗದ ಅಡಿಯಿಂದ ತಲೆಯೆತ್ತಿ ನೋಡುವರು. ‘ಅಯ್ಯೋ, ಬೆಂಗಳೂರಿಗೆ ಹೊರಟ ಗಂಡು ಸೈಕಲ್ನ ಹೊತ್ತ್‌ಕಂಡೇ ಹೋಗುವಂಗೆ ಕಾಣ್ತುಟ್ಟು’ ಎಂದು ಒಬ್ಬಳು ಅಂದದ್ದು ಮಳೆಯ ಸದ್ದಿನಲ್ಲೂ ಕೇಳಿಸಿತ್ತು. ಕಳೆದ ಭಾನುವಾರ ಹಿಂದಿನಿಂದ ಜೀಪು ಬರುವ ಸದ್ದಾಯಿತು. ಎಸ್ಟೇಟಿನ ಜೀಪೇ ಇರಬೇಕು, ಅದರಲ್ಲಿ ಗುರುತಿನವರು ಇರಲೇಬೇಕು. ಅವನು ಸೈಕಲ್ಲನ್ನು ಎಳೆದುಕೊಂಡು ಬಿದಿರುಮೆಳೆಯ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತ. ಜೀಪು ಹೋದ ಮೇಲೂ ಸ್ವಲ್ಪ ಹೊತ್ತು ಕೂತಿದ್ದ. ಎದ್ದಾಗ ಎರಡು ಕಾಲಿಗೂ ಜಿಗಣೆ. ಅಲ್ಲಿಂದ ಕಕ್ಕಬೆ ಇನ್ನೂ ನಾಲ್ಕು ಮೈಲಿ ಇತ್ತು. ಅವನು ಮುಂದೆ ಹೋಗಲಿಲ್ಲ. ಕತ್ತಲಾಗುವವರೆಗೆ ಒಂದು ಮೋರಿಯ ಕಟ್ಟೆಯ ಮೇಲೆ ಕೂತಿದ್ದು ತಿರುಗಿ ಬಂದು ಡಾಕ್ಟರಿಗೆ ಹೇಳಿದ: ‘ಆಯ್ತು ಸರ್.’

ಹಾಗಾದರೆ ಕೈ ಎತ್ತಿದ್ದು ಯಾಕೆ? ಅದು ಚಿಕ್ಕಿಯ ದೆಸೆಯಿಂದ. ಹೋದ ವರ್ಷದ ಆಟಿಯಲ್ಲಿ ಆಸ್ಪತ್ರೆಗೆ ಡಾಕ್ಟರೇ ಇರಲಿಲ್ಲ, ಬೀಗದ ಕೈ ಬೊಳ್ಳಪ್ಪನ ಸೊಂಟದಲ್ಲಿತ್ತು. ಎಸ್ಟೇಟಿನ ಕೂಲಿಗಳ ಲೈನುಮನೆಗಳಿಂದ ಮುತ್ತ ತನ್ನ ಹೆಂಡತಿ ಚಿಕ್ಕಿಯನ್ನು ಕಂಬಳಿಯಲ್ಲಿ ಕಟ್ಟಿ ಹೊರಿಸಿಕೊಂಡು ಬಂದಿದ್ದ. ಒಳಗೆ ಇದ್ದ ಎರಡು ಮಂಚದ ಮೇಲೂ ಟೈಫಾಯ್ಡಿನವರು. ಬೊಳ್ಳಪ್ಪ ಜಗಲಿಯಲ್ಲಿ ಗೋಣಿ ಹಾಸಿ ಮಲಗಿಸಿದ, ಸೂಲಗಿತ್ತಿಗೆ ಹೇಳಿಕಳಿಸಿದ. ಅಷ್ಟರಲ್ಲಿ ಗಾಳಿ ತಿರುಗಿ ಮಳೆ ಜಗಲಿಗೇ ನುಗ್ಗಿತು. ಜಗಲಿಯ ಒಂದು ಬದಿಗೆ ಅವತ್ತೇ ಬಸ್ಸಿನಲ್ಲಿ ಬಂದಿಳಿದ ಔಷಧಿಯ ರಟ್ಟಿನ ಪೆಟ್ಟಿಗೆಗಳು, ಇನ್ನೊಂದು ಬದಿಗೆ ಚಿಕ್ಕಿ. ಅವನು ಮೊದಲು ಪೆಟ್ಟಿಗೆಗಳನ್ನು ಒಳಗೆ ಸಾಗಿಸಿದ. ಏಳು ಪೆಟ್ಟಿಗೆ, ಏಳು ಸಲ ಅವಳ ತಲೆಯ ಪಕ್ಕದಿಂದಲೇ ದಾಟಿ ಹೋದ. ಸಹಿ ಹಾಕಿ ತೆಗೆದುಕೊಂಡ ಸಾಮಾನು, ನೆನೆದರೆ ಉತ್ತರ ಹೇಳಬೇಕಾದವನು ತಾನು ಎಂದು ಕೈಗಳು ತಾವೇ ಲೆಕ್ಕ ಹಾಕಿದ್ದವು. ಏಳನೆಯದನ್ನು ಇಟ್ಟು ಬಂದಾಗ ಗೋಣಿ ತೊಪ್ಪೆಯಾಗಿತ್ತು, ಅವಳು ನಡುಗುತ್ತಿದ್ದಳು. ಆಮೇಲೆ ಮುತ್ತನೂ ಅವನೂ ಎತ್ತಿ ಒಳಗೆ ನೆಲದ ಮೇಲೆ ಹಾಕಿದರು. ಅವಳು ಉಳಿದಳು, ಮಗು ಉಳಿಯಲಿಲ್ಲ. ಮಗು ಆ ಹತ್ತು ನಿಮಿಷದಿಂದ ಹೋಯಿತೆಂದು ಯಾರೂ ಹೇಳಲಿಲ್ಲ, ಅಲ್ಲವೆಂದೂ ಯಾರೂ ಹೇಳಲಿಲ್ಲ. ಮುತ್ತ ಇವತ್ತಿಗೂ ಅವನನ್ನು ಕಂಡರೆ ತಲೆಗೆ ಸುತ್ತಿದ ಬಟ್ಟೆ ತೆಗೆಯುತ್ತಾನೆ. ಚಿಕ್ಕಿಯಂತೂ ‘ಇವರು ಇಲ್ಲದಿದ್ದರೆ ನಾನು ಮಣ್ಣಾಗಿದ್ದೆ’ ಎಂದು ಹೊಸ ಡಾಕ್ಟರಿಗೆ ಹೇಳಿದಳು. ಹೆರಿಗೆ ಕೋಣೆಯ ಯೋಚನೆ ಡಾಕ್ಟರ ತಲೆಗೆ ಹೊಕ್ಕಿದ್ದು ಆ ಮಾತಿನಿಂದ. ಸಭೆಯಲ್ಲಿ ಅವರು ಜಗಲಿಯ ಕಥೆ ಹೇಳುತ್ತ ಹೇಳುತ್ತ ಬೊಳ್ಳಪ್ಪನ ಮುಖವನ್ನೇ ಮೆಚ್ಚುಗೆಯಿಂದ ನೋಡಿದಾಗ, ಕೈ ಎತ್ತದೆ ಇರುವುದು ಹೇಗೆ? ಪೆಟ್ಟಿಗೆಗಳ ವಿಷಯ ಕಥೆಯಲ್ಲಿ ಇರಲೇ ಇಲ್ಲ.

ರೋಗಿಗಳು ಮುಗಿದ ಮೇಲೆ ಡಾಕ್ಟರು ಒಳಗೆ ಬಂದು ಪ್ಯಾಂಟಿನ ಕಾಲಿಗೆ ಕ್ಲಿಪ್ಪು ಹಾಕತೊಡಗಿದರು. ‘ಎಲ್ಲಿಗೆ ಸರ್? ಬೆಳಿಗ್ಗೆಯೇ ಹೋಗಿ ಬಂದ್ರಲ್ಲ?’ ‘ಅದು ನಂದು. ಈಗ ನಿಮ್ಮದು ಹೊಡೀಬೇಕಲ್ರಿ.’ ‘ನನ್ನದಾ?’ ‘ಒಬ್ಬನ ಹೋಗೋದಾದ್ರ ಚಂದಾ ಡಬ್ಬಿ, ಬಾವುಟ, ಔಷಧ ಎಲ್ಲಾ ನನ್ನ ಸೈಕಲ್ಲಿಗೇ. ಮೈ ಪಳಗಬೇಕು. ದಿನಾ ಎರಡು ಸುತ್ತು.’ ಬೊಳ್ಳಪ್ಪ ಬಾಗಿಲಿಗೆ ಅಡ್ಡ ನಿಂತ ಹಾಗೆ ನಿಂತ. ‘ಈ ಮಳೆಯಲ್ಲಿ ಬೇಡ ಸರ್. ನಿಮಗೆ ಉಬ್ಬಸ.’ ಡಾಕ್ಟರು ಅವನ ಭುಜ ತಟ್ಟಿದರು. ‘ನಿಮಗ ರಕ್ತ ಹೋಗಾಕತ್ತೈತಿ, ನೀವು ನನ್ನ ಉಬ್ಬಸದ ಚಿಂತಿ ಮಾಡ್ತೀರಿ. ಭಾಳ ದೊಡ್ಡವ್ರು ಬಿಡ್ರಿ ನೀವು.’ ಇದಕ್ಕಿಂತ ಅವರು ಕೆನ್ನೆಗೆ ಬಾರಿಸಿದ್ದರೆ ಆಗುತ್ತಿತ್ತು. ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ಎಣ್ಣೆಬಟ್ಟೆಯ ಕೋಟಿನ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದ. ಬೆನ್ನು ಏರಿನಲ್ಲಿ ಎಡಕ್ಕೂ ಬಲಕ್ಕೂ ವಾಲುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಹೆಂಡತಿ ಹೊನ್ನಮ್ಮ ಹಿತ್ತಾಳೆ ಡಬ್ಬಿಯ ಮುಚ್ಚಳ ಬಿಗಿಯುತ್ತಿದ್ದಳು. ‘ನಿನ್ನೆದು ಪಾಯಸ ಉಳ್ದುಟ್ಟು, ಬಿಸಿ ಮಾಡಿ ತುಪ್ಪ ಹಾಕಿಯೊಳೆ. ಡಾಕ್ಟ್ರಿಗೆ ಕೊಟ್ಟುಬನ್ನಿ. ಪಾಪ, ಅವ್ಕೆ ಇಲ್ಲಿ ಮಾಡಿಹಾಕಿಕೆ ಯಾರ್ ಒಳೊ?’ ಬೊಳ್ಳಪ್ಪ ಚಾಚಿದ ಕೈ ಹಿಂದಕ್ಕೆ ತೆಗೆದ. ಡಾಕ್ಟರು ಇದನ್ನು ಉಂಡರೆ ನಾಳೆ ಬೆಳಿಗ್ಗೆ ಅದೇ ಮೋಟುಗೋಡೆಯ ಮುಂದೆ, ತಮ್ಮದೇ ಕಣ್ಣಿನಿಂದ, ಎಲ್ಲವನ್ನೂ ಓದಿಕೊಳ್ಳುತ್ತಾರೆ. ಬೇರೆ ಯಾರೂ ಏನೂ ಹೇಳಬೇಕಾಗಿಲ್ಲ. ‘ಅವ್ಕೆ ಆಗುದಿಲ್ಲೆ’ ಎಂದ. ‘ಸಿಹಿ ತಿನ್ನುವಂಗಿಲ್ಲೆ. ಸಕ್ಕರೆ ಕಾಯಿಲೆ.’ ‘ಯಾರಿಗೆ? ಮೊನ್ನೆ ನಮ್ಮ ಮಗಳು ಯಮುನ ಕೊಂಡೋದ ಕಡುಬಿಗೆ ಬೆಲ್ಲ ಕಮ್ಮಿ ಆತ್ ಅಂತ ಕೇಳಿ ಹಾಕಿಸಿಕಂಡ ಮನುಷ್ಯಂಗಾ?’ ‘ಈಗ ಗೊತ್ತಾದ್ದು.’ ಹೊನ್ನಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಹದಿನೆಂಟು ವರ್ಷ ಜೊತೆಯಲ್ಲಿ ಬಾಳಿದ ಹೆಂಗಸು. ಅವನು ಕಣ್ಣು ಇಳಿಸಿ ತಟ್ಟೆಯ ಅಂಚಿನ ಸೊಟ್ಟವನ್ನು ಬೆರಳಿನಿಂದ ಸವರಿದ. ‘ಹಂಗಾರೆ ನೀವೇ ತಿನ್ನಿ’ ಎಂದು ಡಬ್ಬಿಯನ್ನು ಪೂರ್ತಿ ಅವನ ತಟ್ಟೆಗೆ ಬೋರಲು ಹಾಕಿದಳು. ‘ಚೆಲ್ಲಿಕೆ ನಾ ಮಾಡಿದ್ದಲ್ಲ. ಬೆಂಗಳೂರಿಗೆ ಹೋಗುವವಕ್ಕೆ ಬಲ ಬೇಕಲ್ಲ, ತಿನ್ನಿ, ತಿನ್ನಿ.’ ಬೆಂಗಳೂರಿಗೆ ಹೋಗುವುದಿಲ್ಲ ಎಂದು ಅವಳಿಗೆ ಹೇಳಿರಲಿಲ್ಲ. ಹೇಳಿದರೆ ಯಾಕೆ ಎನ್ನುವಳು. ರಕ್ತ ಹೋಗುತ್ತಿದೆ ಎಂದರೆ ಈ ಮನೆಯಲ್ಲಿ ಬೆಕ್ಕೂ ನಗುತ್ತದೆ. ಅವನು ಉಂಡ. ಚಿಕ್ಕಂದಿನಿಂದ ಮೂಗಿಗೆ ಹಬ್ಬದ ಹಾಗೆ ಬರುತ್ತಿದ್ದ ಆ ಸೊಪ್ಪಿನ ಪರಿಮಳ ಇವತ್ತು ಹಿಡಿಸಲಿಲ್ಲ, ನೀರು ಕುಡಿದು ಇಳಿಸಿದ. ಹೆಂಡತಿ ನಿಂತು ನೋಡಿದಳು. ಕೈ ತೊಳೆಯುವಾಗ ಬೆರಳ ಸಂದಿಯಿಂದ ನೇರಳೆ ನೀರು ಇಳಿಯಿತು.

ಮೂರು ಗಂಟೆಗೆ ಬರಬೇಕಾದ ಡಾಕ್ಟರು ನಾಲ್ಕಾದರೂ ಬರಲಿಲ್ಲ. ಬೊಳ್ಳಪ್ಪ ಕೆಮ್ಮಿನ ಔಷಧ ಕಲಸುತ್ತ ಮೂರು ಸಲ ಅಳತೆ ತಪ್ಪಿದ. ಮಳೆಯಲ್ಲಿ ದೂರದ ಸದ್ದುಗಳೆಲ್ಲ ಸೈಕಲ್ ಗಂಟೆಯ ಹಾಗೆ ಕೇಳುತ್ತಿದ್ದವು. ಆ ಮನುಷ್ಯ ಯಾವುದೋ ತಿರುವಿನಲ್ಲಿ ಉಸಿರು ಕಟ್ಟಿ ಬಿದ್ದಿದ್ದರೆ? ಬಿದ್ದಿದ್ದರೆ ತನ್ನ ಸುಳ್ಳು ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ ಎಂಬ ಯೋಚನೆ ತಲೆಗೆ ಬಂತು. ಬಂದದ್ದಲ್ಲ, ಅಲ್ಲಿಯೇ ಕೂತಿದ್ದು ತಲೆಯೆತ್ತಿತು. ಅವನು ಗಾಜಿನ ಕಡ್ಡಿಯನ್ನು ಮೇಜಿನ ಮೇಲಿಟ್ಟು ಎರಡು ಕೈಯಲ್ಲೂ ಮುಖ ಒರಸಿಕೊಂಡ. ಅದೇ ಕೈಗಳು. ಏಳು ಪೆಟ್ಟಿಗೆ ಹೊತ್ತ ಕೈಗಳು. ನಾಲ್ಕೂವರೆಗೆ ಜಗಲಿಯಲ್ಲಿ ಸೈಕಲ್ಲು ಗೋಡೆಗೆ ಒರಗಿದ ಸದ್ದಾಯಿತು. ಡಾಕ್ಟರು ಒಳಗೆ ಬಂದರು. ಮೊಣಕಾಲಿನ ಹತ್ತಿರ ಪ್ಯಾಂಟು ಹರಿದು, ಕೆಂಪು ಕಾಣುತ್ತಿತ್ತು, ಇದು ನಿಜವಾದ ಕೆಂಪು. ಮುಖ ಮಾತ್ರ ಹಬ್ಬಕ್ಕೆ ಹೋಗಿ ಬಂದವರ ಹಾಗೆ.

‘ಹದಿನೆಂಟು ಮೈಲಿ ಆತು ಅಂತ ಹೇಳಾಕ ಬರಂಗಿಲ್ಲ ಬೊಳ್ಳಪ್ಪ’ ಎಂದು ಸ್ಟೂಲಿನ ಮೇಲೆ ಕೂತು ಕಾಲು ಚಾಚಿದರು. ‘ಆ ಎರಡನೇ ಏರು ಐತಲ್ಲ, ಅಲ್ಲಿ ಬಿದ್ದೆ. ಆಮ್ಯಾಲೆ ಇಳಿದು ತಳ್ಳಿದೆ, ಎರಡು ಫರ್ಲಾಂಗು. ಗದ್ದ್ಯಾಗಿನ ಹೆಣ್ಮಕ್ಕಳು ನೋಡಿ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮತ್ತೇನು ಮಾಡೋದು?’ ಬೊಳ್ಳಪ್ಪ ಟಿಂಕ್ಚರ್ ಸೀಸೆ ತಂದು ಕೆಳಗೆ ಕೂತು ಗಾಯ ತೊಳೆಯತೊಡಗಿದ. ಅದೇ ಹೆಂಗಸರು, ಅದೇ ಏರು. ಈ ಮನುಷ್ಯ ನಕ್ಕು ದಾಟಿ ಬಂದಿದ್ದರು, ಅಷ್ಟೇ. ‘ಲೈನಿನ ಹತ್ರ ಬಂದಾಗ ಮಳಿ ಕಣ್ಣು ಬಿಡಸಲಿಲ್ಲ. ಮುತ್ತನ ಮನಿ ಸೂರಿನಡಿ ನಿಂತೆ. ಆ ಹುಡುಗಿ ಚಿಕ್ಕಿ ಒಳಗ ಕರದು ಕೂಡಿಸಿ ಎಲಿ ಮ್ಯಾಲೆ ಏನೋ ಬಡಿಸಿದಳ್ರಿ. ನೇರಳೆಹಣ್ಣಿನ ಬಣ್ಣ. ಎಂಥಾ ವಾಸನಿ! ಎರಡು ಸಲ ಹಾಕಿಸಿಕೊಂಡೆ.’ ಬೊಳ್ಳಪ್ಪನ ಕೈಯಲ್ಲಿದ್ದ ಹತ್ತಿ ಗಾಯದ ಮೇಲೆಯೇ ನಿಂತಿತು. ‘ಹದಿನೈದಕ್ಕೆ ನೀವಿಬ್ಬರೂ ಹೋಗುವಾಗ ರಸ್ತೆ ಬದೀಗೆ ನಿಂತಿರ್ತೀನಿ ಸಾಮಿ ಅಂದಳು. ನಿಮಗ ಮೈಯಾಗ ಹುಷಾರಿಲ್ಲ ಅಂತ ಹೇಳಲಿಲ್ಲ ನಾನು, ಪಾಪ ಸಂಕಟಪಡ್ತಾಳ. ಹೊರಡೋ ಮುಂದ ಆಕಿ, ಮುತ್ತ, ಲೈನಿನವರೆಲ್ಲಾ ಬಾಯಿಗೆ ಬಟ್ಟಿ ಇಟ್ಟುಕೊಂಡು ನಗಾಕತ್ತಿದ್ರು. ನಾಳಿ ಬೆಳಿಗ್ಗೆ ನೋಡಿ ಸಾಮಿ, ಹೆದರಬೇಡಿ ಅಂದ್ರು. ಏನ್ರೀ ಅದು? ನಾಳಿ ಬೆಳಿಗ್ಗೆ ಏನು ನೋಡೋದು?’

ಹೊರಗೆ ಸೂರಿನ ನೀರು ಡ್ರಮ್ಮಿಗೆ ಬೀಳುತ್ತಿತ್ತು. ಈ ಪ್ರಶ್ನೆಗೂ ಒಂದು ಸುಳ್ಳು ಇರಬಹುದು ಎಂದು ಬೊಳ್ಳಪ್ಪ ಹುಡುಕಿದ. ನಿಜವಾಗಿ ಹುಡುಕಿದ, ಕಪಾಟಿನಲ್ಲಿ ಸೀಸೆ ಹುಡುಕುವ ಹಾಗೆ ಸಾಲುಸಾಲಾಗಿ. ಸಿಗಲಿಲ್ಲ. ತಾನು ಸತ್ಯ ಹೇಳಿದ್ದು ಒಳ್ಳೆಯತನದಿಂದಲ್ಲ, ಸುಳ್ಳು ಮುಗಿದು ಹೋದದ್ದರಿಂದ ಎಂಬುದನ್ನು ಅವನಿಗೆ ಮುಂದೆ ಎಂದೂ ತನ್ನಿಂದ ಮುಚ್ಚಿಡಲಾಗಲಿಲ್ಲ. ‘ಅದು ಮದ್ದು ಸೊಪ್ಪಿನ ಪಾಯಸ ಸರ್’ ಎಂದ, ಗಾಯವನ್ನೇ ನೋಡುತ್ತ. ‘ಆಟಿ ಹದಿನೆಂಟಕ್ಕೆ ಎಲ್ಲರೂ ಮಾಡ್ತೇವೆ. ಅದನ್ನು ಉಂಡರೆ ಮಾರನೇ ದಿನ ಕೆಂಪಗೆ ಹೋಗ್ತದೆ. ಎಲೆಯ ಬಣ್ಣ. ಏನೂ ಆಗುವುದಿಲ್ಲ, ಹೆದರಬೇಡಿ.’ ಡಾಕ್ಟರ ಕಾಲಿನ ಸ್ನಾಯು ಅವನ ಬೆರಳಡಿಯಲ್ಲಿ ಬಿಗಿಯಾದದ್ದು ತಿಳಿಯಿತು, ಉರಿಯಿಂದಲೋ ಏನೋ. ‘ನಿಮ್ಮ ಮನ್ಯಾಗೂ ಮಾಡಿದ್ರೇನು?’ ‘ಹೌದು ಸರ್.’ ‘ನಿನ್ನೆ?’ ‘ನಿನ್ನೆ.’ ಆಮೇಲೆ, ಕೋಪವಿಲ್ಲದೆ, ರೋಗಿಯ ಹತ್ತಿರ ವಿವರ ಕೇಳುವ ಅದೇ ದನಿಯಲ್ಲಿ: ‘ಕಾಯಿಸಿದಾಗ ಮಸುಕಾತು ಅಂದ್ರಿ.’ ಬಣ್ಣದ ವಿಷಯ ಹೇಳದ್ದನ್ನು ಮರೆವು ಅನ್ನಬಹುದಿತ್ತು, ತಮಾಷೆ ಅನ್ನಬಹುದಿತ್ತು. ಇದಕ್ಕೆ ಹಾಗೆ ಅನ್ನುವಂತಿರಲಿಲ್ಲ. ‘ಆಗಲಿಲ್ಲ ಸರ್’ ಎಂದ ಬೊಳ್ಳಪ್ಪ. ‘ತಿಳಿಯಾಗೇ ಇತ್ತು.’ ಭಾನುವಾರದ ಮೋರಿಕಟ್ಟೆಯನ್ನೂ ಹೇಳಿದ, ಕೇಳದೆಯೇ. ಪೆಟ್ಟಿಗೆಗಳದನ್ನೂ ಹೇಳಬೇಕೆಂದು ಬಾಯಿ ತೆರೆದ, ‘ಚಿಕ್ಕಿ’ ಎಂದ, ಅಲ್ಲಿಗೆ ನಿಂತಿತು. ಡಾಕ್ಟರು ‘ಹೂಂ?’ ಅಂದರು. ‘ಏನಿಲ್ಲ’ ಅಂದ.

ಡಾಕ್ಟರು ಎದ್ದು ಕಾಲು ಊರಿ ನೋಡಿದರು, ನೋವಿಗೆ ಮುಖ ಹಿಂಡಿದರು. ಬಾಗಿಲಲ್ಲಿ ತಿರುಗದೆ ಹೇಳಿದರು: ‘ನಾಳಿ ಬೆಳಿಗ್ಗೆ ನಂದೂ ಒಂದು ಸೀಸೆ ಕೊಡ್ತೀನಿ. ಕಾಯಿಸಿ ನೋಡ್ರಿ. ಏನು ಕಾಣ್ತೈತೋ ಅದನ್ನ ಹೇಳ್ರಿ.’

ಬೆಳಿಗ್ಗೆ ಮೋಟುಗೋಡೆಯ ಮುಂದೆ ಮತ್ತೆ ಇಬ್ಬರೂ ನಿಂತರು, ಬೇರೆ ಜಾಗ ಇರಲಿಲ್ಲ. ಹೊನ್ನಮ್ಮ ಬೋರಲು ಹಾಕಿದ ಪಾಯಸದ ಪ್ರತಾಪ, ಬೊಳ್ಳಪ್ಪನದು ಇನ್ನೂ ಕೆಂಪಗೇ ಇತ್ತು. ಪಕ್ಕದಲ್ಲಿ ಡಾಕ್ಟರದೂ. ಸುಣ್ಣದ ಮೇಲೆ ಎರಡು ಕೆಂಪು ಗೆರೆ ಇಳಿದು ಕೆಳಗಿನ ಸಣ್ಣ ಚರಂಡಿಯಲ್ಲಿ ಕೂಡಿಕೊಂಡವು. ಒಂದು ತಮಾಷೆ ಮಾಡಿಯಾರು ಎಂದು ಬೊಳ್ಳಪ್ಪ ಕಾದ. ಒಂದು ತಮಾಷೆ ಬಿದ್ದಿದ್ದರೆ ಬದುಕಿಕೊಳ್ಳುತ್ತಿದ್ದ. ಅವರು ಸೀಸೆಯನ್ನು ಅವನ ಕೈಗೆ ಕೊಟ್ಟು ಛತ್ರಿ ಸರಿಮಾಡಿಕೊಂಡು, ಕುಂಟುತ್ತ, ಒಳಗೆ ಹೋದರು. ಸ್ಪಿರಿಟ್ ದೀಪ ಹಚ್ಚಿದ. ನಳಿಗೆಯನ್ನು ಓರೆ ಹಿಡಿದ. ಕುದಿಯಿತು. ಒಂದು ತೊಟ್ಟು ಆಸಿಡ್ ಬಿಟ್ಟು ಕಿಟಕಿಗೆ ಹಿಡಿದ. ಸರಳು, ಬಾಳೆ, ಮಳೆ. ಎರಡು ಸಲ ನೋಡಿದ. ತನ್ನ ಕಣ್ಣನ್ನೇ ನಂಬದವನ ಹಾಗೆ ಇನ್ನೊಂದು ನಳಿಗೆ ತುಂಬಿ ಮತ್ತೆ ಕಾಯಿಸಿ ನೋಡಿದ. ‘ಏನು ಬಂತು?’ ‘ಏನೂ ಇಲ್ಲ ಸರ್. ತಿಳಿ.’ ‘ಬರೀರಿ.’

ರಿಜಿಸ್ಟರು ತೆರೆದರೆ ಮೇಲಿನ ಸಾಲಿನಲ್ಲೇ ಅವನಿದ್ದ. ಕಾಯಿಸಿದಾಗ: ಮಸುಕು. ಅವನ ಅಕ್ಷರ ದುಂಡಗೆ, ಒಳ್ಳೆಯ ಅಕ್ಷರ, ಶಾಲೆಯಲ್ಲಿ ಮೇಷ್ಟ್ರು ಹೊಗಳಿದ್ದು. ಅದರ ಕೆಳಗೆ ಡಾಕ್ಟರ ಹೆಸರು ಬರೆದು ‘ತಿಳಿ’ ಎಂದು ಬರೆದ. ಲೇಖನಿಯ ತುದಿ ಮೇಲಿನ ಸಾಲಿನ ಮೇಲೆ ಆಡಿತು. ‘ಇದನ್ನು ಹೊಡೆದು ಹಾಕಲಾ ಸರ್?’ ಡಾಕ್ಟರು ಮೊದಲನೆಯ ರೋಗಿಯ ನಾಲಿಗೆ ನೋಡುತ್ತಿದ್ದರು. ‘ಯಾಕ? ನೀವು ಬರದದ್ದು. ಇರಲಿ’ ಎಂದರು. ಸ್ವಲ್ಪ ಹೊತ್ತಿನ ಮೇಲೆ, ನಾಲಿಗೆಯಿಂದ ಕಣ್ಣು ತೆಗೆಯದೆ, ‘ನನ್ನ ಮೊಣಕಾಲು ಬಾತೈತಿ. ನಾಲ್ಕು ದಿನ ತುಳಿಯಾಕ ಆಗಂಗಿಲ್ಲ. ಎರಡೂ ಪಾಳಿ ನಿಮ್ಮದು. ಈಗ ಹೊರಡ್ರಿ, ಆಸ್ಪತ್ರಿ ನಾ ನೋಡ್ಕೊಂತೀನಿ’ ಎಂದರು.

ಎರಡನೆಯ ಏರಿನಲ್ಲಿ ತೊಡೆ ನಡುಗಿತು. ಬಿದಿರುಮೆಳೆಯ ಹತ್ತಿರ ಅವನು ಇಳಿದ. ಕೆಳಗೆ ಗದ್ದೆಯಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಬೆನ್ನು ನೆಟ್ಟಗೆ ಮಾಡಿ ನಿಂತರು, ಗೊರಗದ ಅಂಚಿನಿಂದ ನೀರು ಇಳಿಯುತ್ತಿತ್ತು. ‘ಕಾಂಪೌಂಡರ್ರೇ, ಇವತ್ತ್ ಬೆಳಿಗ್ಗೇನೇ ತಳ್ಳಿಕೆ ಸುರುವಾ?’ ಎಂದು ಒಬ್ಬಳು ಕೂಗಿದಳು, ಉಳಿದವರು ನಕ್ಕರು. ಅವನೂ ನಗಲು ನೋಡಿದ, ಡಾಕ್ಟರು ನಕ್ಕ ಹಾಗೆ. ಮುಖ ಬಗ್ಗಲಿಲ್ಲ. ಆ ಚಳಿ ಮಳೆಯಲ್ಲಿ ಕಿವಿಯವರೆಗೆ ಬಿಸಿಯೇರಿತು. ‘ಹೌದು’ ಎಂದು ಕೂಗಿ ಹೇಳಿದ, ‘ಹತ್ತಿಕೆ ಆಗುದಿಲ್ಲೆ ನಂಗೆ.’ ನಗು ನಿಂತಿತೋ ಮುಂದುವರಿಯಿತೋ ಮಳೆಯಲ್ಲಿ ತಿಳಿಯಲಿಲ್ಲ. ಕಕ್ಕಬೆಗೆ ಇನ್ನೂ ನಾಲ್ಕು ಮೈಲಿ ಇತ್ತು. ಅದಕ್ಕೂ ಮೊದಲು, ಈ ಏರು ಮುಗಿದು ಇಳಿಜಾರು ಶುರುವಾಗುವಲ್ಲಿ, ಚಿಕ್ಕಿಯ ಲೈನು. ಅವನು ಸೈಕಲ್ಲನ್ನು ರಸ್ತೆಯ ನಡುವಿಗೆ ತಂದು, ಎರಡು ಕೈಯಲ್ಲೂ ಹ್ಯಾಂಡಲ್ ಒತ್ತಿ ಹಿಡಿದು, ಎ‍ಲ್ಲರಿಗೂ ಕಾಣುವ ಹಾಗೆ ತಳ್ಳತೊಡಗಿದ.